ಗಂಗವ್ವನ ಮುಖ ಹುಡುಕಿದ ಸಂಗಪ್ಪ ಕಾಕಾ

ಬೈಯದೆ ಮಾತು ಶುರು ಮಾಡುವುದು ಸಂಗಪ್ಪ ಕಾಕಾಗೆ ಗೊತ್ತೇ ಇರಲಿಲ್ಲ. ವಿಜಯಪುರದಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಮೆಟ್ಟಿಲು ಏರುವಾಗಲೇ, "ಏನಬೇ ಸುನಂದಾ, ಅಂಗಡ್ಯಾಗ ಕಸಾ ಹೊಡದು ಎಷ್ಟ ದಿನಾ ಆತು?" ಎನ್ನುತ್ತಿದ್ದರು. ಉತ್ತರಕ್ಕೆ ಕಾಯದೆ ಟೋಪಿ ತೆಗೆದು ಕಂಪ್ಯೂಟರಿನ ನೆತ್ತಿಯ ಮೇಲೆ ಇಡುತ್ತಿದ್ದರು.

ಅದೇ ಓಣಿಯಲ್ಲಿ ಒಂದು ಕಾಲಕ್ಕೆ ಅವರ ಕ್ಯಾಸೆಟ್ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳ ಹಾಡುಗಾರರನ್ನು ಕರೆಸಿ, ಹಿಂದಿನ ಕೋಣೆಯಲ್ಲಿ ಕೂರಿಸಿ, ಸೋಬಾನ, ಬೀಸುವ ಪದ, ಗೀಗೀ ಪದಗಳನ್ನು ತಾವೇ ಧ್ವನಿಮುದ್ರಿಸುತ್ತಿದ್ದರು. ಕ್ಯಾಸೆಟ್ ಡಬ್ಬಿಯ ಮುಖಪುಟದ ಮೇಲೆ ಹಾಡಿದವರ ಫೋಟೊ ಇರಲೇಬೇಕು. ಅಂಗಡಿ ಮುಚ್ಚಿದಾಗ ಅಳಿಯ, ಜಾಗ ಉಳಿಯಲೆಂದು ಡಬ್ಬಿಗಳನ್ನೂ ಮುಖಪುಟಗಳನ್ನೂ ರದ್ದಿಗೆ ಹಾಕಿ, ಬರೀ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತುಂಬಿ ತಂದ. ಕಾಕಾ ಬಹಳ ವರ್ಷ ಅವನ ಜೊತೆ ಮಾತು ಬಿಟ್ಟಿದ್ದರು.

ಆ ಚೀಲವೇ ಒಂದು ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬಂತು. ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಪ್ರತಿ ಹಾಡಿನ ಪಕ್ಕದಲ್ಲೂ ಚಿತ್ರವಿರಬೇಕಾದಲ್ಲಿ ಖಾಲಿ ಬೂದು ಚೌಕ.

"ಇದೇನಬೇ? ಎಲ್ಲಾರ ಮಾರಿಗೂ ಬೂದಿ ಬಳದಂಗ ಮಾಡೀಯಲ್ಲ!"

"ಕ್ಯಾಸೆಟ್ಟಿನ್ಯಾಗ ಧ್ವನಿ ಅಷ್ಟ ಇರ್ತದ ಕಾಕಾ" ಎಂದು, ಇಂಟರ್ನೆಟ್ಟಿನಿಂದ ಚಿತ್ರಗಳನ್ನು ತಾನೇ ಹುಡುಕಿ ಹಚ್ಚುವ ಗುಂಡಿ ಒತ್ತಿದೆ. ನಿಡೋಣಿಯ ಗಂಗವ್ವನ ಸೋಬಾನ ಪದಗಳ ಪಕ್ಕ ಗಿಟಾರು ಹಿಡಿದ ಕೆಂಪು ಗಡ್ಡದ ಯಾವನೋ ವಿದೇಶಿ ಬಂದು ಕೂತ. ನನಗೆ ನಗು ಬಂತು. ಕಾಕಾ ಮೇಜಿಗೆ ಗುದ್ದಿದ ರಭಸಕ್ಕೆ ಸ್ಟೇಪ್ಲರ್ ನೆಲಕ್ಕೆ ಬಿತ್ತು.

"ನಗತೀ? ಆಕಿ ಹೊಲದಾಗ ಕಳೆ ತಗದು, ಅಲ್ಲಿಂದ ಸೀದಾ ಬಸ್ಸು ಹತ್ತಿ ಬಂದು ಹಾಡಿ ಹೋಗ್ಯಾಳ. ಸಾಯೂತನಾ ಒಂದ ಫೋಟೊ ತಗಸ್ಯಾಳ, ಅದೂ ನನ್ನ ಕ್ಯಾಸೆಟ್ಟಿಗೆ. ಅದು ಸಿಗೂತನಾ ನಾ ಬಿಡಾಂವಲ್ಲ."

ಅಂದಿನಿಂದ ಪ್ರತಿ ಭಾನುವಾರ ಕಾಕಾ ಬಸ್ಸು ಹತ್ತಿದರು. ಹಿಂದೆ ಕ್ಯಾಸೆಟ್ಟು ಕೊಂಡವರ ಮನೆಗಳಿಂದ ಮಾಸಿದ ಮುಖಪುಟಗಳನ್ನು ಪುಸ್ತಕದ ನಡುವೆ ಇಟ್ಟು ತರುವರು. ನಾನು ಸ್ಕ್ಯಾನ್ ಮಾಡಿ ಆಯಾ ಹಾಡಿಗೆ ಹಚ್ಚುವೆ. ಬೂದು ಚೌಕಗಳು ಒಂದೊಂದಾಗಿ ತುಂಬುತ್ತ ಬಂದವು. ಗಂಗವ್ವ ಮಾತ್ರ ಸಿಗಲಿಲ್ಲ.

ಅಷ್ಟರಲ್ಲಿ ನನ್ನ ಮೊಬೈಲಿನಲ್ಲಿ ಯಾವುದೋ ವಿಡಿಯೊ ಚಾನೆಲ್ಲಿನಿಂದ ಗಂಗವ್ವನ ಅದೇ ಸೋಬಾನ ಪದ ಕೇಳಿಸಿತು. ಮೇಲೆ ಒಡವೆ ಹೇರಿಕೊಂಡ ಯಾರೋ ಚೆಲುವೆಯ ಚಿತ್ರ, ಕೆಳಗೆ ಬೇರೆಯೇ ಹೆಸರು. ಆ ಚಾನೆಲ್ ನಡೆಸುವವನು ಸಾರವಾಡದವನು. ಇಬ್ಬರೂ ಹೋದೆವು. ಅವನು ಕುರ್ಚಿಯಿಂದ ಏಳಲೂ ಇಲ್ಲ.

"ಮುದುಕಿ ಫೋಟೊ ಹಾಕಿದ್ರ ಯಾರ್ ನೋಡ್ತಾರ್ರಿ? ಮತ್ತ ಆಕೀನ ಹಾಡ್ಯಾಳ ಅನ್ನಾಕ ನಿಮ್ಮ ಹಂತೇಕ ಏನೈತ್ರಿ?"

ಕಾಕಾ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದರು. ಅವರ ಪಾಲಿನದನ್ನೂ ಸೇರಿಸಿ ನಾನೇ ಬೈದೆ. ಅವನು ನಗುತ್ತ ಚಹಾ ತರಿಸಿದ. ನಾವು ಮುಟ್ಟಲಿಲ್ಲ.

ಗಂಗವ್ವ ಸಿಕ್ಕಿದ್ದು ನಾನೂ ಜೊತೆಗೆ ಹೋಗಿದ್ದ ಒಂದು ಭಾನುವಾರ, ಕಳ್ಳಕವಟಗಿಯಲ್ಲಿ. ಅಲ್ಲಿ ಒಬ್ಬ ರೈತ ಹಕ್ಕಿ ಬೆದರಿಸಲೆಂದು ದ್ರಾಕ್ಷಿ ಬಳ್ಳಿಗಳ ಮೇಲೆ ಹಳೆ ಕ್ಯಾಸೆಟ್ಟುಗಳ ರೀಲು ಎಳೆದು ಕಟ್ಟಿದ್ದ. "ಇದರಾಗ ಮಂದಿ ಉಸಿರು ಐತಿ, ಮೂರ್ಖ!" ಎಂದು ಕಾಕಾ ತೋಟದ ನಡುವೆ ನಿಂತು ಚೀರಿದರು. ಗದ್ದಲ ಕೇಳಿ ಅವನ ಹೆಂಡತಿ ಬಂದಳು. "ಸಿಟ್ಟಾಗಬ್ಯಾಡ್ರಿ ಯಪ್ಪಾ, ಡಬ್ಬಿ ಮ್ಯಾಲಿನ ಫೋಟೊ ಚೀಟಿ ನಾ ಇಟ್ಟೇನ್ರಿ" ಎಂದು ಒಳಗೆ ಕರೆದು ಟ್ರಂಕಿನ ಮುಚ್ಚಳ ಎತ್ತಿದಳು. ಮುಚ್ಚಳದ ಒಳಬದಿಗೆ ಮುಖಪುಟಗಳನ್ನು ಸಾಲಾಗಿ ಅಂಟಿಸಿದ್ದಳು. ನಡುವಿನದರಲ್ಲಿ ತಲೆಯ ಮೇಲೆ ಸೆರಗು, ಹಣೆ ತುಂಬ ಕುಂಕುಮ, ಕ್ಯಾಮೆರಾಕ್ಕೆ ಹೆದರಿದ ಕಣ್ಣು: ಗಂಗವ್ವ. ಒದ್ದೆ ಬಟ್ಟೆ ಹಚ್ಚಿ ಆಕೆ ನಿಧಾನ ಬಿಡಿಸಿಕೊಟ್ಟಳು. ಮಡಿಕೆಯಿಂದ ಸೀಳಿದ್ದ ಕೆನ್ನೆಯನ್ನು ನಾನು ಎರಡು ದಿನ ಕೂತು ಕಂಪ್ಯೂಟರಿನಲ್ಲಿ ಕೂಡಿಸಿದೆ. ಹಾಡಿಗೂ ಹಚ್ಚಿದೆ, ದೊಡ್ಡದೊಂದು ಪ್ರಿಂಟೂ ತೆಗೆದೆ.

ಪ್ರಿಂಟು ಹಿಡಿದು ನಿಡೋಣಿಗೆ, ಗಂಗವ್ವನ ಮಗಳು ಶಾಂತವ್ವನ ಮನೆಗೆ ಹೋದೆವು. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಒಮ್ಮೆಲೇ ಕಾಕಾನ ಕಡೆ ತಿರುಗಿದಳು.

"ನಮ್ಮವ್ವ ಸತ್ತಾಗ ನಾ ಹನ್ನೊಂದು ವರ್ಷದಾಕಿ. ಗ್ವಾಡಿಗೆ ಹಾಕಾಕ ಒಂದು ಫೋಟೊ ಇರ್ಲಿಲ್ಲ. ಮಾರಿ ಹೆಂಗಿತ್ತಂತ ಮರತ ಹೋಗಿತ್ರಿ ನನಗ. ಆಕಿ ಫೋಟೊ ಹಾಕಿ ಸಾವಿರ ಮಂದಿಗೆ ಕ್ಯಾಸೆಟ್ಟು ಮಾರಿದ್ರಿ. ನಮ್ಮ ಮನಿಗೆ ಒಂದು ಕೊಡಾಕ ನಿಮಗ ಕೈ ಬರ್ಲಿಲ್ಲೇನ್ರಿ?"

ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ನಿಮ್ಮವ್ವ ಕೇಳಿದ್ಲು ಯವ್ವಾ" ಎಂದರು. "ನಾಳಿ ಕೊಡ್ತೀನಿ ಅಂದಿದ್ದೆ. ಮರತೆ."

ಇಷ್ಟು ದಿನ ಅವರು ಅಳಿಯನ ಮೇಲೆ, ರೈತನ ಮೇಲೆ, ನನ್ನ ಮೇಲೆ ಸುರಿದ ಸಿಟ್ಟಿನ ಬುಡ ಎಲ್ಲಿತ್ತೆಂದು ನನಗೆ ಆಗ ಗೊತ್ತಾಯಿತು. ಶಾಂತವ್ವ ಚಿತ್ರವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಹೊರಗೆ ಬರಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಕಾಕಾ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಹದಿನೈದು ದಿನಕ್ಕೆ ಅಳಿಯ ಫೋನ್ ಮಾಡಿ, ಮಲಗಿದಲ್ಲೇ ಹೋದರು ಎಂದ.

ಮುಖಪುಟ ಕೈಗೆ ಬಂದ ಮೇಲೆ ಸಾರವಾಡದವನಿಗೆ ಪುರಾವೆಯಾಗಿ ಅದನ್ನು ಕಳಿಸಿದ್ದೇನೆ. ಅವನು ಚಿತ್ರವನ್ನೂ ಬದಲಿಸಿಲ್ಲ, ಹೆಸರನ್ನೂ ಬದಲಿಸಿಲ್ಲ. ಇವತ್ತು ಬೆಳಿಗ್ಗೆ ಅಂಗಡಿ ತೆರೆದವಳೇ ಮತ್ತೆ ಗಂಗವ್ವನ ಚಿತ್ರ ಕಳಿಸಿ, ಕೆಳಗೆ ಬಾಯಿಗೆ ಬಂದಂತೆ ಬೈದು ಬರೆದೆ.