ತಗ್ಗಿನ ಹೊಲದ ಪಂಕ

ಇದನ್ನು ಬರೆಯುತ್ತಿರುವವನು ಆಗ ಕೂಡ್ಲಿಗಿಯ ಬ್ಲಾಕ್ ಆಫೀಸಿನಲ್ಲಿ ದಿನಗೂಲಿ ಗುಮಾಸ್ತ. ಬಿ.ಎ. ಪಾಸಾಗಿದ್ದ. ಆದರೆ ಅದನ್ನು ಅವನೇ ಬಾಯಿಬಿಟ್ಟು ಹೇಳಬೇಕಿತ್ತು, ಮುಖ ನೋಡಿದರೆ ಯಾರಿಗೂ ಹಾಗೆ ಅನ್ನಿಸುತ್ತಿರಲಿಲ್ಲ. ಒಂದು ದಿನ ಗುಡೇಕೋಟೆಯ ಬಸ್ಸಿನಲ್ಲಿ ಕೂತಿದ್ದಾಗ, ಎರಡು ಗುಡ್ಡಗಳ ನಡುವಿನ ತಗ್ಗು ಹೊಲದಲ್ಲಿ ಎತ್ತರದ ಕಬ್ಬಿಣದ ಗೋಪುರ ಕಂಡಿತು. ಅದರ ತುದಿಗೆ ತಗಡಿನ ರೆಕ್ಕೆಗಳ ಚಕ್ರ. ಬುಡದಲ್ಲೇ ಕಣ ಮಾಡಿಕೊಂಡು, ತೂರಲು ಮೊರ ಹಿಡಿದ ಹೆಂಗಸರು ಗಾಳಿಗೆ ಕಾಯುತ್ತಿದ್ದರು. ಬಿ.ಎ. ಬುದ್ಧಿಗೆ ತಕ್ಷಣ ಎಲ್ಲ ಹೊಳೆದುಬಿಟ್ಟಿತು.

“ನೋಡಮ್ಮ,” ಎಂದು ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ವಿವರಿಸಿದ. “ಜ್ವಾಳ ತೂರಾಕ ಗಾಳಿ ಇರಂಗಿಲ್ಲಲ್ಲ, ಅದಕ್ಕ ಸರ್ಕಾರ ಗಾಳಿ ಬೀಸೋ ಪಂಕ ಹಾಕೈತಿ.”

ಆಕೆ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು. “ಹೌದೇನಪ್ಪ? ಅದಕ್ಕ ಕರೆಂಟ್ ಎಲ್ಲಿಂದ ಬರ್ತೈತಿ?”

“ಒಳಗ ಬ್ಯಾಟರಿ ಇರ್ತೈತಿ.”

“ಅದು ನನ್ನ ಹೊಲ ಐತಿ ತಮ್ಮಾ,” ಎಂದಳು ಆಕೆ. “ಬ್ಯಾಟರಿ ಎಲ್ಲೈತಿ ಅಂತ ಇಳಿದು ತೋರಿಸಿ ಹೋಗು.”

ಆಕೆಯ ಹೆಸರು ಸುಂಕಮ್ಮ. ಆ ಪಂಕ ಗಾಳಿ ಬೀಸುವುದಕ್ಕಲ್ಲ, ಗಾಳಿಯಿಂದ ತಿರುಗಿ ಬಾವಿಯ ನೀರೆತ್ತುವುದಕ್ಕೆ ಇದ್ದದ್ದು. ಅದು ಎರಡನ್ನೂ ಮಾಡುತ್ತಿರಲಿಲ್ಲ ಎಂಬುದನ್ನು ನೋಡಿದರೆ, ಗುಮಾಸ್ತನ ತಪ್ಪು ಅಂಥ ದೊಡ್ಡದೇನಲ್ಲ.

ಸುಂಕಮ್ಮನಿಗೆ ಬೇಕಾಗಿದ್ದದ್ದು ಪಂಕವಲ್ಲ, ಕರೆಂಟಿನ ಕಂಬ. ಬಾವಿಯಲ್ಲಿ ನೀರಿತ್ತು. ಅದನ್ನು ಮೇಲೆತ್ತಲು ಗಂಡ ಓಬಣ್ಣ ಎತ್ತು ಕಟ್ಟಿ, ಚರ್ಮದ ಚೀಲ ಇಳಿಬಿಟ್ಟು, ಕಪಿಲೆ ಹೊಡೆಯಬೇಕಿತ್ತು. ಎತ್ತುಗಳಿಗೂ ಓಬಣ್ಣನ ಸೊಂಟಕ್ಕೂ ಒಟ್ಟಿಗೇ ವಯಸ್ಸಾಗಿತ್ತು. ಬೇಸಿಗೆಯಲ್ಲಿ ಉಳ್ಳಾಗಡ್ಡಿ ಮಡಿಗೆ ನೀರು ಹಾಯಿಸುವ ದಿನಗಳಲ್ಲಿ ಅವನು ರಾತ್ರಿ ಮಗ್ಗುಲು ಬದಲಿಸಬೇಕಾದರೂ ಹೆಂಡತಿಯನ್ನು ಕರೆಯುತ್ತಿದ್ದ. ಇನ್ನೊಂದು ಬೇಸಿಗೆ ಈ ಮನುಷ್ಯನ ಕೈಲಿ ಕಪಿಲೆ ಹೊಡೆಸಿದರೆ ಆಮೇಲೆ ತಾನೇ ಹೊಡೆಯಬೇಕಾಗುತ್ತದೆ ಎಂಬುದು ಸುಂಕಮ್ಮನಿಗೆ ಖಾತ್ರಿಯಾಗಿತ್ತು.

ಕಂಬಗಳು ಎರಡು ಹೊಲ ಆಚೆ, ಯರ್ರೆಪ್ಪನ ಬದುವಿಗೆ ಬಂದು ನಿಂತಿದ್ದವು. ಅಲ್ಲಿಗೆ ಹೇಗೆ ಬಂದವೆಂಬುದನ್ನು ಸುಂಕಮ್ಮ ಕಣ್ಣಾರೆ ಕಂಡಿದ್ದಳು. ಮೊದಲು ಸರ್ಕಾರದವರು ಯರ್ರೆಪ್ಪನ ಹೊಲದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟರು. ಡಬ್ಬಿ ನೋಡಲು ಬರುವ ಸಾಹೇಬರಿಗೆಂದು ದಾರಿ ಮಾಡಿದರು. ದಾರಿಗುಂಟ ಕಂಬ ಬಂದವು. ಇದರಿಂದ ಸುಂಕಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಳು: ಸರ್ಕಾರದ ಒಂದು ವಸ್ತು ಹೊಲದಲ್ಲಿ ನಿಂತರೆ ಸಾಕು, ಹಾಲಿಗೆ ಹೆಪ್ಪು ಹಾಕಿದಂತೆ, ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಆದ್ದರಿಂದ, ಎಂಬತ್ತನಾಲ್ಕರ ಚಳಿ ಮುಗಿಯುವ ಹೊತ್ತಿಗೆ ಎಂಜಿನಿಯರ್ ನಾಗೇಂದ್ರಪ್ಪ ಜೀಪಿನಲ್ಲಿ ಬಂದು “ಸಣ್ಣ ರೈತರ ಬಾವಿಗೆ ಗಾಳಿಯಂತ್ರ, ಪುಕ್ಕಟೆ” ಎಂದಾಗ ಸುಂಕಮ್ಮ ಚಹಾ ಕಾಸಲು ಹೋದಳು. ಓಬಣ್ಣ ಮಾತ್ರ ತಲೆ ಕೆರೆದುಕೊಂಡ.

“ಸಾಹೇಬ್ರ, ಇದು ತಗ್ಗು. ಇಲ್ಲಿ ಎಲಿ ಅಲ್ಲಾಡಂಗಿಲ್ಲ. ಗುಡ್ಡದ ಮ್ಯಾಲ ಹಾಕ್ರಿ, ಅಲ್ಲಿ ನನ್ನ ಕುರಿ ನಿಂದ್ರಂಗಿಲ್ಲ, ಅಂಥಾ ಗಾಳಿ.”

“ಗುಡ್ಡ ಫಾರೆಸ್ಟಿನವರದು ಓಬಣ್ಣ. ಅಲ್ಲಿ ಬಾವಿ ಐತೇನು? ಸ್ಕೀಮು ಬಾವಿಗೆ ಐತಿ, ಗಾಳಿಗಲ್ಲ.”

“ನೀ ಸುಮ್ಕಿರು,” ಎಂದು ಸುಂಕಮ್ಮ ಒಳಗಿನಿಂದಲೇ ಗಂಡನ ಬಾಯಿ ಮುಚ್ಚಿಸಿದಳು. ಚಹಾ ಕೊಟ್ಟು, ಹೆಬ್ಬೆಟ್ಟು ಒತ್ತಿದಳು. ಮಾರ್ಚ್ ಮುಗಿಯುವುದರೊಳಗೆ ಗೋಪುರ ಎದ್ದಿತು, ಹಾರ ಬಿತ್ತು, ಫೋಟೋ ತೆಗೆದರು. ಚಕ್ರ ಮಾತ್ರ ತಿರುಗಲಿಲ್ಲ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲವೆಂದು ನಾಗೇಂದ್ರಪ್ಪ ಸಮಾಧಾನ ಹೇಳಿದ.

ಆ ಬೇಸಿಗೆಯೆಲ್ಲ ಪಂಕದ ಮೇಲೆ ಕಾಗೆ ಕೂತವು. ಆಷಾಢದಲ್ಲಿ ಗುಡ್ಡದ ಸಂದಿನಿಂದ ಗಾಳಿ ನುಗ್ಗಿ, ಚಕ್ರ ಹುಚ್ಚು ಹಿಡಿದಂತೆ ತಿರುಗಿ ನೀರು ಸುರಿಸಿತು. ಆಗ ಹೊಲದಲ್ಲಿ ಮಳೆ ನೀರೇ ನಿಂತಿತ್ತು, ಓಬಣ್ಣ ಗುದ್ದಲಿ ಹಿಡಿದು ಅದನ್ನು ಹೊರಗೆ ಹರಿಸುತ್ತಿದ್ದ. ಆಮೇಲೆ ಪಂಪಿನ ಚರ್ಮದ ವಾಷರ್ ಸವೆಯಿತು. ಕೊಟ್ಟೂರಿನ ಮೆಕ್ಯಾನಿಕ್ ನೂರ್ ಅಹಮದ್ ಬಂದು ಬಾವಿಗಿಳಿದು ನೋಡಿದ.

“ಅಕ್ಕಾ, ವಾಷರ್ ನಾನ ಕತ್ತರಿಸಿ ಹಾಕ್ತೀನಿ. ಆದ್ರ ನಾ ಮುಟ್ಟಿದ್ರ ಕಂಪನಿ ಗ್ಯಾರಂಟಿ ಹೋಗ್ತೈತಂತ.”

“ಕಂಪನಿಯವ್ರು ಯಾವಾಗ ಬರ್ತಾರ?”

“ಅವ್ರು ಬರಂಗಿಲ್ಲ. ಗ್ಯಾರಂಟಿ ಮಾತ್ರ ಇರ್ತೈತಿ.”

“ಹಂಗಾರ ಹೋಗ್ಲಿ ಬಿಡು ಗ್ಯಾರಂಟಿ,” ಎಂದಳು ಸುಂಕಮ್ಮ. ಅವನು ಹಾಕಿಕೊಟ್ಟ.

ಇಷ್ಟೆಲ್ಲ ಆದರೂ ಆಕೆ ತಾಳ್ಮೆಗೆಟ್ಟಿರಲಿಲ್ಲ. ಹೆಪ್ಪು ಹಾಕಿಯಾಗಿದೆ, ಕಂಬ ಬರಬೇಕು ಅಷ್ಟೆ. ಬರಲಿಲ್ಲ. ಯರ್ರೆಪ್ಪನ ಬದುವಿನಿಂದ ಹೊರಟ ಕಂಬಗಳು ಆಕೆಯ ಹೊಲದ ಪಕ್ಕದಲ್ಲೇ ಹಾದು ಮುಂದಿನ ಬಾವಿಗೆ ಹೋದವು. ಕರೆಂಟಿನವರ ಆಫೀಸಿಗೆ ಹೋಗಿ ಕೇಳಿದರೆ, “ನಿಮ್ಮ ಹೆಸರು ತೆಗೆದೈತಮ್ಮ. ನಿಮ್ಮ ಬಾವಿಗೆ ಗಾಳಿ ಶಕ್ತಿ ಐತಿ. ಎರಡೆರಡು ಕೊಡಂಗಿಲ್ಲ,” ಎಂದರು.

ಅಲ್ಲಿಂದ ಆಕೆ ನೇರವಾಗಿ ಬ್ಲಾಕ್ ಆಫೀಸಿಗೆ ಬಂದಳು. ಬಸ್ಸಿನಲ್ಲಿ ಬ್ಯಾಟರಿ ತೋರಿಸದೆ ತಪ್ಪಿಸಿಕೊಂಡಿದ್ದ ಗುಮಾಸ್ತ ಅಲ್ಲಿ ಕೂತಿದ್ದನ್ನು ಕಂಡು, “ಓ, ನೀನಿಲ್ಲಿ ಅದೀಯೇನು? ಹಂಗಾರ ಕೆಲಸ ಆದಂಗ,” ಎಂದು ಹಣೆ ಬಡಿದುಕೊಂಡಳು.

ಗುಮಾಸ್ತ ಓಡಾಡಿ ವಿಚಾರಿಸಿದ. ಪಂಕ ತೆಗೆಸಿದರೆ ಕಂಬ ಕೊಡುತ್ತಾರೆ. ಆದರೆ ಸರ್ಕಾರದ ಸಹಾಯಧನದ ಯಂತ್ರವನ್ನು ಐದು ವರ್ಷ ತೆಗೆಯುವಂತಿಲ್ಲ. ಕೆಟ್ಟಿದೆ ಎಂದು ಕಂಪನಿ ಬರೆದುಕೊಟ್ಟರೆ ತೆಗೆಯಬಹುದು. ಆದರೆ ನೂರ್ ಅಹಮದ್ ಮುಟ್ಟಿರುವುದರಿಂದ ಕಂಪನಿ ಏನನ್ನೂ ಬರೆದುಕೊಡುವುದಿಲ್ಲ.

“ಅಲ್ಲಪ್ಪಾ, ಕೆಡ್ಲಿಕ್ಕೂ ಅವರ ಪರ್ಮಿಶನ್ ಬೇಕೇನು?”

“ಹಂಗ ಐತ್ರಿ.”

“ನೀ ಓದಿದ್ದು ಎಲ್ಲಿತನ?”

“ಬಿ.ಎ. ರಿ.”

“ಅದಕ್ಕ,” ಎಂದಳು ಸುಂಕಮ್ಮ, ಏನೋ ಬಹಳ ದಿನದ ಅನುಮಾನ ತೀರಿದವಳಂತೆ.

ಉಳಿದದ್ದು ಒಂದೇ ದಾರಿ. ಬೆಂಗಳೂರಿನಿಂದ ಗಾಳಿಯಂತ್ರಗಳ ತನಿಖೆಗೆ ತಂಡ ಬರುವುದಿತ್ತು. ಇದು ಇಲ್ಲಿ ನಡೆಯುವುದಿಲ್ಲವೆಂದು ಅವರು ಬರೆದರೆ ಪಂಕ ಇಳಿಯುತ್ತದೆ, ಕಂಬ ಬರುತ್ತದೆ. ಬೇಸಿಗೆಯಲ್ಲಿ ಬರುತ್ತೇವೆ ಎಂದಿದ್ದರು. ಸುಂಕಮ್ಮ ಸತ್ತಂತೆ ನಿಂತ ಚಕ್ರವನ್ನು ದಿನಾ ಪ್ರೀತಿಯಿಂದ ನೋಡಿದಳು. ಬೇಸಿಗೆಯಲ್ಲಿ ಅವರಿಗೆ ಜೀಪು ಸಿಗಲಿಲ್ಲ. ಜೀಪು ಸಿಕ್ಕಿದ್ದು ಆಷಾಢದಲ್ಲಿ.

ಅವರು ಇಳಿದಾಗ ಹಿರಿಯ ಸಾಹೇಬರ ಟೋಪಿ ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಚಕ್ರ ಗಿರಗಿರ ತಿರುಗುತ್ತಿತ್ತು. ನೂರ್ ಅಹಮದ್ ಹಾಕಿದ ವಾಷರ್ ಒಂದು ಹನಿಯನ್ನೂ ಪೋಲು ಮಾಡದೆ ನೀರೆತ್ತುತ್ತಿತ್ತು. ಸಾಹೇಬರು ಕೈಯೊಡ್ಡಿ ನೀರು ಕುಡಿದು “ಸಕ್ಸಸ್!” ಎಂದರು. ನಾಗೇಂದ್ರಪ್ಪ ಬೆವರೊರೆಸಿಕೊಂಡ. ಸುಂಕಮ್ಮ ಮೇಲೆ ನೋಡಿ ಚಕ್ರಕ್ಕೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

“ಸುಮ್ಕಿರು ಸುಂಕಮ್ಮ,” ಎಂದು ನಾಗೇಂದ್ರಪ್ಪ ಪಿಸುಗುಟ್ಟಿದ. “ಚಲೋ ಐತಿ ಅನ್ನು. ಬರೋ ವರ್ಷ ಕಂಬದ್ದು ನಾನ ನೋಡ್ತೀನಿ.”

“ಹೋದ ವರ್ಷಾನೂ ನೀವ ನೋಡಿದ್ರಿ,” ಎಂದವಳೇ ಸುಂಕಮ್ಮ ಸಾಹೇಬರ ಮುಂದೆ ಹೋಗಿ ನಿಂತಳು. “ಸಾಹೇಬ್ರ, ಇದು ಈ ಒಂದು ತಿಂಗಳ ಆಟ. ಬ್ಯಾಸಗಿಯಾಗ ಉಳ್ಳಾಗಡ್ಡಿ ಒಣಗತಿರತೈತಿ, ಇದು ಕಾಗಿ ಕುಂದ್ರಸಿಕಂಡು ನಿಂತಿರತೈತಿ. ಈ ತಗ್ಗಿಗೆ ಗಾಳಿನ ಬರಂಗಿಲ್ರಿ. ನನ್ನ ಗಂಡನ ಸೊಂಟ ನೋಡ್ರಿ ಬೇಕಾರ.”

ಓಬಣ್ಣ ನಾಚಿಕೊಂಡು ಟವೆಲು ಸರಿಮಾಡಿಕೊಂಡ.

ಸಾಹೇಬರು ಕೈಯಲ್ಲಿದ್ದ ನೀರು ಕೊಡವಿದರು. ಅವರೇನೂ ಕೆಟ್ಟವರಲ್ಲ, ಆದರೆ ಟೋಪಿ ಹರಿದಿತ್ತು. “ಅಲ್ಲಮ್ಮ, ಹುಟ್ಟಿದಾಗಿನಿಂದ ಈ ಹೊಲ ನೋಡಿದ್ದೀರಿ. ಇಲ್ಲಿ ಗಾಳಿ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿರಲಿಲ್ಲವೇ?”

“ಗೊತ್ತಿತ್ರಿ.”

“ಗೊತ್ತಿದ್ದೂ ಯಾಕೆ ಹೆಬ್ಬೆಟ್ಟು ಒತ್ತಿದಿರಿ?”

ನಾಗೇಂದ್ರಪ್ಪ ಆಕಾಶ ನೋಡಿದ. ಫೈಲು ಹೊತ್ತು ತಂಡದ ಜೊತೆ ಬಂದಿದ್ದ ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ಸುಂಕಮ್ಮ ಎಲೆ ಅಡಿಕೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನನಗ ಕಂಬ ಬೇಕಾಗಿತ್ತು. ನಿಮ್ಮವರಿಗೆ ಮಾರ್ಚಿನೊಳಗ ಒಂದು ಪಂಕ ನಿಂದ್ರಸೋದು ಬೇಕಾಗಿತ್ತು. ಗಾಳಿ ಯಾರಿಗ್ರಿ ಬೇಕಾಗಿತ್ತು?”