ಚೀಟಿ ಬೇಡವೆಂದ ಪಾರಮ್ಮ

ದೇಶನೂರಿನ ಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬಡಿಸುತ್ತಿದ್ದ ಪಾರಮ್ಮನ ಮನೆಯಲ್ಲಿ ಅವಳದಲ್ಲದ ವಸ್ತು ಒಂದೇ ಒಂದಿತ್ತು. ಅದು ಬಂಗಾರದ ಗುಂಡಿನ ಸರ. ಅವಳ ತಂಗಿ ವಿರೂಪಮ್ಮ ಸಾಯುವ ಎರಡು ದಿನ ಮುಂಚೆ ಅದನ್ನು ಕೊರಳಿನಿಂದ ತೆಗೆದು ಅಕ್ಕನ ಅಂಗೈಯಲ್ಲಿಟ್ಟು, "ನನ್ನ ಸುಧಾಗ ಗಂಡು ಗೊತ್ತಾದ ದಿನ ನೀನಽ ನಿನ್ನ ಕೈಯಾರೆ ಹಾಕಕ್ಕ" ಎಂದು ಹೇಳಿದ್ದಳು. ಮಗಳು ಸುಧಾರಾಣಿಗೆ ಆಗ ಒಂಬತ್ತು ವರ್ಷ.

ಅಂದಿನಿಂದ ಹದಿಮೂರು ವರ್ಷ ಆ ಸರ ಪಾರಮ್ಮನ ಅಕ್ಕಿ ಡಬ್ಬಿಯ ತಳದಲ್ಲಿತ್ತು. ಅವಳು ಅದನ್ನು ಒಮ್ಮೆಯೂ ಕೊರಳಿಗೆ ಹಾಕಿಕೊಳ್ಳಲಿಲ್ಲ. ಮಗನ ಮದುವೆಯಲ್ಲಿ ನೆರೆಹೊರೆಯ ಹೆಂಗಸರು, "ಇದ್ದ ಬಂಗಾರ ಹಾಕ್ಕೊಳಾಕ ಏನವ್ವ ನಿನಗ ಬ್ಯಾನಿ" ಎಂದು ಚುಚ್ಚಿದರೂ, "ಅದು ನಂದಲ್ಲ" ಎಂದಷ್ಟೇ ಹೇಳಿ ಬೇರೆ ಮಾತು ತೆಗೆದಿದ್ದಳು. "ಇಕಿಗೆ ನನಗಿಂತ ಆ ಡಬ್ಬಿ ಮ್ಯಾಲ ಜೀವ" ಎಂದು ಗಂಡ ಅಯ್ಯಣ್ಣ ಬಂದವರ ಮುಂದೆಲ್ಲ ನಗೆಯಾಡುತ್ತಿದ್ದ. ದಸರೆ ಬಂದಾಗ ಮಾತ್ರ ಅವಳು ಸರವನ್ನು ಹೊರತೆಗೆದು, ಅಂಟುವಾಳದ ನೊರೆಯಲ್ಲಿ ತೊಳೆದು, ತಂಗಿಯ ಪಟದ ಮುಂದಿಟ್ಟು, ಸಂಜೆಗೆ ಮತ್ತೆ ಒಳಗಿಡುತ್ತಿದ್ದಳು. ಹಿಂದಿನ ದಸರೆಯಲ್ಲಿ ಗುಂಡೊಂದು ನೆಗ್ಗಿದ್ದು ಕಂಡಿತು. ಕೂಡಲೇ ಸಿರುಗುಪ್ಪಕ್ಕೆ ಹೋಗಿ, ಪತ್ತಾರ ಎರ್ರಣ್ಣನ ಅಂಗಡಿಯಲ್ಲಿ ಅದನ್ನು ಸರಿಮಾಡಿಸಿ, ಹೊಸ ಕೆಂಪು ನೂಲು ಹಾಕಿಸಿಕೊಂಡು ಬಂದಳು.

ಈ ವರ್ಷ ಸುಧಾರಾಣಿಗೆ ಗಂಡು ಗೊತ್ತಾಯಿತು. ಭಾನುವಾರ ಕುರುಗೋಡಿನಲ್ಲಿ, ಹುಡುಗಿಯ ತಂದೆಯ ಮನೆಯಲ್ಲಿ, ನಿಶ್ಚಯ. ಅದರ ಹಿಂದಿನ ವಾರವೇ ಬಿಸಿಯೂಟದ ಅಡುಗೆಯವರಿಗೆ ಬಳ್ಳಾರಿಯಲ್ಲಿ ಐದು ದಿನದ ತರಬೇತಿ ಎಂಬ ಆದೇಶ ಬಂತು. ತರಬೇತಿ ಮುಗಿಸಿ ಅಲ್ಲಿಂದಲೇ ಕುರುಗೋಡಿಗೆ ಹೋದರಾಯಿತೆಂದು ಪಾರಮ್ಮ ಸರವನ್ನು ಬಟ್ಟೆಯ ಚಂಚಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

ಅವರಿಗೆ ಉಳಿಯಲು ಗೊತ್ತುಮಾಡಿದ್ದು ಒಂದು ಖಾಸಗಿ ಮಹಿಳಾ ವಸತಿ ನಿಲಯ. ಒಂದೊಂದು ಕೋಣೆಗೆ ಎಂಟು ಜನ. ಬಾಗಿಲಿಗೆ ಚಿಲಕವೂ ಸರಿಯಿಲ್ಲ. ಬೆಲೆಬಾಳುವ ವಸ್ತುಗಳನ್ನು ಕಚೇರಿಯ ತಿಜೋರಿಯಲ್ಲಿಟ್ಟು ಚೀಟಿ ಪಡೆಯಬೇಕು, ಇಲ್ಲವಾದರೆ ನಿಲಯ ಹೊಣೆಯಲ್ಲ ಎಂದು ಗೋಡೆಯ ಮೇಲೆ ಫಲಕವಿತ್ತು. ಹೆಂಗಸರೆಲ್ಲ ಸಾಲಾಗಿ ನಿಂತರು. ಪಾರಮ್ಮನ ಸರದಿ ಬಂದಾಗ ಮೇಜಿನ ಆಚೆ ಕುಳಿತಿದ್ದವಳು ತಲೆಯೆತ್ತಿ ನೋಡಿ, ಕುರ್ಚಿ ಸರಿಸಿ ಎದ್ದೇಬಿಟ್ಟಳು.

"ಪಾರಕ್ಕ, ನೀ ಏನ ಇಲ್ಲಿ?"

ಅವಳು ಶಾಂಭವಿ. ಕುರುಗೋಡಿನಲ್ಲಿ ಪಾರಮ್ಮನ ತವರುಮನೆಯ ಎದುರು ಮನೆಯ ಹುಡುಗಿ. ಚಿಕ್ಕವಳಿದ್ದಾಗ ಶಾಲೆಗೆ ಹೋಗಲೊಲ್ಲೆನೆಂದು ಹಟ ಹಿಡಿಯುತ್ತಿದ್ದ ಅವಳನ್ನು ಪಾರಮ್ಮ ಕಂಕುಳಲ್ಲಿ ಎತ್ತಿಕೊಂಡು ಹೋಗಿ ತರಗತಿಯಲ್ಲಿ ಕೂರಿಸಿ ಬರುತ್ತಿದ್ದಳು. ಪಾರಮ್ಮ ಮದುವೆಯಾಗಿ ದೇಶನೂರಿಗೆ ಹೊರಟ ದಿನ ಬಸ್ಸಿನ ಹಿಂದೆ ಅಳುತ್ತ ಓಡಿಬಂದವಳೂ ಇವಳೇ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಊರಿನವರ ಯೋಗಕ್ಷೇಮವನ್ನೆಲ್ಲ ಕೇಳಿಕೊಂಡರು. ಸಾಲಿನಲ್ಲಿದ್ದವರು ಗೊಣಗಿದ ಮೇಲೆ ಪಾರಮ್ಮ ಚಂಚಿಯನ್ನು ಮೇಜಿನ ಮೇಲಿಟ್ಟಳು. ಶಾಂಭವಿ ಚೀಟಿಯ ಪುಸ್ತಕಕ್ಕೆ ಕೈಹಾಕಿದಳು. ಪಾರಮ್ಮ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಡೆದಳು.

"ತವರಿನ ಹುಡುಗಿ ಕಡೆ ಚೀಟಿ ಬರೆಸ್ಕೊಂಡ್ರ ನನ್ನ ಮಾರಿಗೆ ಯಾರರ ಉಗಳ್ಯಾರು. ಇಡವ್ವ ಒಳಗ."

ಹಿಂದೆ ನಿಂತಿದ್ದ ಹಚ್ಚೊಳ್ಳಿಯ ಕೊಟ್ರಬಸಮ್ಮ ಬಾಯಿ ಹಾಕಿದಳು. "ನನಗ ಇಲ್ಲಿ ತವರಿಲ್ಲಪ್ಪ. ನನಗ ಎರಡು ಚೀಟಿ ಕೊಡ್ರಿ, ಇಕಿದೂ ಸೇರಿ."

ಎಲ್ಲರೂ ನಕ್ಕರು. ಶಾಂಭವಿಯೂ ನಕ್ಕಳು.

ಬುಧವಾರ ಮಧ್ಯಾಹ್ನ ತರಬೇತಿಗೆ ಬಿಡುವಿತ್ತು. ಶಾಂಭವಿ ಪಾರಮ್ಮನನ್ನು ಕಚೇರಿಗೆ ಕರೆದು ಚಹಾ ತರಿಸಿದಳು. ಮಾತು ವಿರೂಪಮ್ಮನ ಕಡೆಗೆ ಹೊರಳಿತು. ಪಾರಮ್ಮನ ಕಣ್ಣು ತುಂಬಿ ಬಂತು. ತಿಜೋರಿಯಿಂದ ಚಂಚಿಯನ್ನು ತೆಗೆಸಿ, ಗಂಟು ಬಿಚ್ಚಿ, ನೆರೆಹೊರೆಯವರಿಗೂ ತೋರಿಸದಿದ್ದ ಸರವನ್ನು ಅವಳ ಮುಂದೆ ಹರವಿದಳು. ಶಾಂಭವಿ ಅದನ್ನೆತ್ತಿ ಗೋಡೆಯ ಕನ್ನಡಿಯ ಮುಂದೆ ನಿಂತು ತನ್ನ ಕೊರಳಿಗೆ ಹಿಡಿದುಕೊಂಡಳು.

"ಎಷ್ಟು ಗುಂಡದಾವಕ್ಕ?"

"ಮೂವತ್ತೆರಡು. ನಮ್ಮವ್ವ ಮಾಡಿಸಿದ್ದು."

"ವಿರೂಪಕ್ಕ ಇದನ್ನ ಹಾಕ್ಕೊಂಡ್ರ ಗೌರಮ್ಮನ್ನ ನೋಡಿದಂಗಾಗ್ತಿತ್ತು" ಎಂದು ಹೇಳಿ ಶಾಂಭವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿಯನ್ನು ನೆನೆದು ಅಳುವವರು ಇನ್ನೂ ಒಬ್ಬರಿದ್ದಾರೆಂದು ಪಾರಮ್ಮನಿಗೆ ಅಂದು ಮನಸ್ಸು ಹಗುರವಾಯಿತು. ಸರವನ್ನು ಚಂಚಿಯಲ್ಲಿ ಕಟ್ಟಿ ತಿಜೋರಿಯಲ್ಲಿಡಲು ಮತ್ತೆ ಅವಳ ಕೈಗೇ ಕೊಟ್ಟಳು.

ಶನಿವಾರ ಬೆಳಿಗ್ಗೆ ಎಲ್ಲರೂ ಚೀಟಿ ಕೊಟ್ಟು, ತಮ್ಮ ತಮ್ಮ ವಸ್ತುಗಳನ್ನು ಬಿಚ್ಚಿ ನೋಡಿ ತೆಗೆದುಕೊಂಡರು. ಕೊಟ್ರಬಸಮ್ಮ ತನ್ನ ಬೆಂಡೋಲೆಯನ್ನು ಹಲ್ಲಿನಿಂದ ಕಚ್ಚಿಯೂ ನೋಡಿದಳು. ಪಾರಮ್ಮ ಮಾತ್ರ ಶಾಂಭವಿಯ ಎದುರಿಗೆ ಗಂಟು ಬಿಚ್ಚಿ ನೋಡಲು ನಾಚಿದಳು. ಹಾಗೆ ನೋಡಿದರೆ ಅವಳ ಮೇಲೆ ಸಂಶಯಪಟ್ಟಂತೆ. ಚಂಚಿಯನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಶ್ಚಯಕ್ಕ ಬಾರವ್ವ" ಎಂದು ಕರೆದು ಕುರುಗೋಡಿನ ಬಸ್ಸು ಹಿಡಿದಳು.

ಕುರುಗೋಡಿನಲ್ಲಿ ತಂಗಿಯ ಗಂಡ ಉಜ್ಜಿನಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದನು. ಸುಧಾರಾಣಿ ಓಡಿಬಂದು ದೊಡ್ಡವ್ವನ ಪಕ್ಕದಲ್ಲಿ ಕುಳಿತಳು. ಪಾರಮ್ಮ ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಚಂಚಿ ಬಿಚ್ಚಿದಳು. ಸರ ಹೊಳೆಯುತ್ತಿತ್ತು. ಆದರೆ ಗುಂಡುಗಳ ನಡುವೆ ಕಂಡದ್ದು ಹಳದಿ ನೈಲಾನ್ ದಾರ.

ಅವಳು ಬೆರಳಿನಿಂದ ಗುಂಡುಗಳನ್ನು ಎಣಿಸಿದಳು. ಮೂವತ್ತೆರಡೇ ಇದ್ದವು. ಆ ಎಣಿಕೆಯನ್ನು ಕೇಳಿ ತಿಳಿದುಕೊಂಡವರು ಒಬ್ಬರೇ ಇದ್ದರು.

"ಇದು ನಮ್ಮದಲ್ಲ" ಎಂದಳು.

ಉಜ್ಜಿನಪ್ಪ ಸರವನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದನು. ಪೇಟೆಯಲ್ಲಿ ಸಿಗುವ ಒಂದು ಗ್ರಾಂ ಚಿನ್ನದ ಸರವೆಂದು ಅವನಿಗೂ ತಿಳಿಯಿತು. ಪಾರಮ್ಮ ಹಿಂದಿನ ದಸರೆಯಲ್ಲಿ ಎರ್ರಣ್ಣನ ಅಂಗಡಿಯಲ್ಲಿ ಕೆಂಪು ನೂಲು ಹಾಕಿಸಿದ್ದರಿಂದ ಹಿಡಿದು ನಡೆದುದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೆ ಕೇಳಿ, "ನಿಮ್ಮ ತವರ ಎದುರು ಮನಿ ಶಾಂಭವಿನಾ? ಆಕಿ ಕೈಗೆ ಕೊಟ್ಟು, ಚೀಟೀನೂ ಬ್ಯಾಡ ಅಂದ್ಯಾ?" ಎಂದು ಕೇಳಿದನು. ಆಮೇಲೆ, "ನಾಳಿಗೆ ಬೀಗರು ಬರ್ತಾರ, ಗದ್ದಲ ಬ್ಯಾಡ" ಎಂದು ಎದ್ದುಹೋದನು.

ಸಂಜೆ ಇಬ್ಬರೇ ಅಡುಗೆಮನೆಯಲ್ಲಿದ್ದಾಗ ಸುಧಾರಾಣಿ ದೊಡ್ಡವ್ವನ ಭುಜದ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡು ದೊಡ್ಡವ್ವ. ಇಷ್ಟು ವರ್ಷದಾಗ ನಿನಗೂ ಏನ ತ್ರಾಸ ಬಂದಿತ್ತೋ ಏನೋ. ನಾ ಯಾರ ಮುಂದೂ ಹೇಳಂಗಿಲ್ಲ."

ಪಾರಮ್ಮನಿಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿ ತನ್ನನ್ನು ಕ್ಷಮಿಸುತ್ತಿದ್ದಾಳೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಆಣೆ ಮಾಡಬಹುದಿತ್ತು. ಕ್ಷಮಿಸಿದವಳಿಗೆ ಏನು ಹೇಳುವುದು? ಕುದಿಯುತ್ತಿದ್ದ ಬೇಳೆಯನ್ನು ತಿರುವುತ್ತ ನಿಂತಳು.

ಮರುದಿನ ನಿಶ್ಚಯಕ್ಕೆ ಶಾಂಭವಿ ಬರಲಿಲ್ಲ. ಸೋಮವಾರ ಪಾರಮ್ಮ ಒಬ್ಬಳೇ ಬಳ್ಳಾರಿಗೆ ಹೋದಳು. ಕಚೇರಿಯಲ್ಲಿ ಶಾಂಭವಿಯ ಪಕ್ಕದಲ್ಲಿ ನಿಲಯದ ವ್ಯವಸ್ಥಾಪಕ ಸುಭಾಷ್ ಕುಳಿತಿದ್ದನು.

"ಶಾಂಭವಿ, ನನ್ನ ಸರ ಬದಲಾಗೈತಿ."

"ಯಾವ ಸರರಿ?"

ಕಂಕುಳಲ್ಲಿ ಎತ್ತಿ ಆಡಿಸಿದ ಮಗು ಹಾಕಿದ ಆ 'ರಿ' ಪಾರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಸುಭಾಷ್ ವಹಿಯನ್ನು ತಿರುವಿ ನೋಡಿದನು.

"ನಿಮ್ಮ ಹೆಸರಽ ಇಲ್ಲವಲ್ಲಮ್ಮ ಇದರಾಗ. ಚೀಟಿ ಐತೇನು?"

"ಇಲ್ಲರಿ. ನಾನಽ ಬ್ಯಾಡ ಅಂದೆ."

ಅವನು ಶಾಂಭವಿಯ ಕಡೆಗೆ ತಿರುಗಿದನು. ಅವಳು ಮೇಜಿನ ಮೇಲಿನ ಪೆನ್ನನ್ನು ಸರಿಪಡಿಸಿಡುತ್ತ ಹೇಳಿದಳು. "ಒಂದು ಚಂಚಿ ಕೊಟ್ಟಿದ್ರು ಸರ್. ಊರ ಕಡೆಯವ್ರು ಅಂತ ಇಟ್ಟಿದ್ದೆ. ಒಳಗ ಏನಿತ್ತೋ ನಾ ನೋಡಿಲ್ಲ. ಹೆಂಗ ಕೊಟ್ಟಿದ್ರೋ ಹಂಗಽ ಕೊಟ್ಟೀನಿ."

"ನೋಡಿಲ್ಲೇನು? ಆ ಕನ್ನಡಿ ಮುಂದ ನಿಂತು ಕೊರಳಿಗೆ ಹಿಡಕೊಂಡಾಕಿ ಯಾರು? ವಿರೂಪಿ ನೆನೆಸಿ ಅತ್ತಾಕಿ ಯಾರು?"

"ನೀವು ಬ್ಯಾರೆ ಯಾರಿಗೋ ತೋರಿಸಿರಬೇಕ್ರಿ."

ಬೇಕಾದರೆ ಪೊಲೀಸರಿಗೆ ದೂರು ಕೊಡಿ ಎಂದು ಸುಭಾಷ್ ಹೇಳಿದನು. ಪಾರಮ್ಮ ಮೆಟ್ಟಿಲಿಳಿದು ಬಂದಳು. ಠಾಣೆಗೆ ಹೋದರೆ ಮೊದಲು ಚೀಟಿಯನ್ನು ಕೇಳುತ್ತಾರೆ. ಕುರುಗೋಡಿನ ಕಟ್ಟೆಯ ಮೇಲೆ ಕುಳಿತಿರುವ ಶಾಂಭವಿಯ ಮುದಿ ತಾಯಿ, ಹೋದಾಗಲೆಲ್ಲ ತನ್ನ ಉಡಿ ತುಂಬಿ ಕಳಿಸುವವಳು, ಅವಳಿಗೆ ಯಾವ ಮುಖ ತೋರಿಸುವುದು? ಹೀಗೆ ಯೋಚಿಸುತ್ತಲೇ ಬಸ್ ನಿಲ್ದಾಣಕ್ಕೆ ಬಂದು ಸಿರುಗುಪ್ಪದ ಬಸ್ಸು ಹತ್ತಿದಳು.

ಸುದ್ದಿ ಹೇಗೋ ಹಚ್ಚೊಳ್ಳಿಗೆ ಮುಟ್ಟಿತು. ಗುರುವಾರ ಕೊಟ್ರಬಸಮ್ಮನ ಫೋನ್ ಬಂತು.

"ನಾ ಬರ್ತೀನಿ ಪಾರಕ್ಕ. ಸರ ಕಣ್ಣಾರೆ ನೋಡೀನಿ ಅಂತ ಠಾಣೆದಾಗ ಹೇಳ್ತೀನಿ."

"ನೀ ನೋಡಿಲ್ಲಲ್ಲಽ."

"ಆಕಿ ನೋಡಿ ನೋಡಿಲ್ಲ ಅಂದ್ಳು. ನಾ ನೋಡದಽ ನೋಡೀನಿ ಅಂತೀನಿ. ಇಬ್ರದೂ ಸರಿಹೋತಲ್ಲ."

ಪಾರಮ್ಮನಿಗೆ ನಗು ಬಂತು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. "ಬ್ಯಾಡವ್ವ. ಖರೇ ಮಾತಿಗೆ ಸುಳ್ಳು ಆಸರ ಆದ್ರ, ನಾಳೆ ಸುಧಾ ಎರಡನ್ನೂ ನಂಬಂಗಿಲ್ಲ" ಎಂದಳು. ಸರ ಹೋದದ್ದಕ್ಕಿಂತ ಸುಧಾ ತನ್ನನ್ನು ನಂಬಲಿಲ್ಲವೆಂಬುದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಮರುವಾರ ಸೋಮವಾರ ಮಧ್ಯಾಹ್ನ ಮಕ್ಕಳು ಊಟಕ್ಕೆ ಕುಳಿತಿದ್ದ ವೇಳೆಗೆ ಸುಧಾರಾಣಿ ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಪಾರಮ್ಮ ಸಾರಿನ ಬಕೆಟ್ಟನ್ನು ಕೆಳಗಿಟ್ಟಳು.

"ಒಬ್ಬಾಕೀನಽ ಬಂದ್ಯಾ?"

"ಹೂಂ. ಸಿರುಗುಪ್ಪದಾಗ ಇಳಿದು ಎರ್ರಣ್ಣನ ಅಂಗಡಿಗೆ ಹೋಗಿದ್ದೆ." ಹುಡುಗಿ ಒಳಗೆ ಬಂದಳು. "ಹ್ವಾದ ದಸರಿಗೆ ನೀ ತಂದಿದ್ದಿ ಅಂತ. ಅಪ್ಪಟ ಬಂಗಾರ ಅಂತ. ಅಂವ ಸರ ಪೋಣಿಸೋತನಕ ನೀರು ಕುಡಿಯಾಕೂ ಎದ್ದು ಹೋಗ್ಲಿಲ್ಲಂತ ನೀನು. ನಾ ತಪ್ಪು ತಿಳಕೊಂಡಿದ್ದೆ ದೊಡ್ಡವ್ವ."

ಅವಳು ಬಾಗಿ ಕಾಲು ಮುಟ್ಟಲು ಬಂದಳು. ಪಾರಮ್ಮ ತೋಳು ಹಿಡಿದು ಎಬ್ಬಿಸಿದಳು. ಇಷ್ಟು ದಿನ ಕಾದಿದ್ದ ಮಾತು ಬಂದೇ ಬಂದಿತ್ತು. ಆದರೂ ಮನಸ್ಸು ಮೇಲೇಳಲಿಲ್ಲ.

"ನನ್ನ ಕಳ್ಳಿ ಅಂದ್ಕೊಂಡಿದ್ದಿ."

"ಕಳ್ಳಿ ಅಂತಲ್ಲ. ಕಷ್ಟಕ್ಕ ಮಾರಿರಬೇಕು ಅಂತ..."

"ಹದಿಮೂರು ವರ್ಷ ನಾ ಕಾದೆ, ನೀ ನಂಬಲಿಲ್ಲ. ಎರ್ರಣ್ಣ ಒಂದು ಮಾತು ಹೇಳಿದ, ನಂಬಿದಿ."

ಸುಧಾರಾಣಿ ತಲೆ ತಗ್ಗಿಸಿದಳು. "ಎರ್ರಣ್ಣ ಠಾಣೆಗೆ ಬಂದು ಹೇಳ್ತೀನಿ ಅಂದಾನ. ನಾಳೆ ಹೋಗೋಣ್ವಾ?" ಎಂದು ಕೇಳಿದಳು.

"ಹೋಗೋಣ. ಶಾಂಭವಿ ಹೆಸರು ನಾನಽ ಹೇಳ್ತೀನಿ. ಆಕಿ ತಾಯಿಗೂ ನಾನಽ ಹೇಳ್ತೀನಿ" ಎಂದಳು ಪಾರಮ್ಮ. ಬಳಿಕ ತಟ್ಟೆ ತೊಳೆದು ತಂದು ಸುಧಾರಾಣಿಗೆ ಅನ್ನ ಬಡಿಸಿ ಸಾರು ಹಾಕಿದಳು. ತಾಯಿಯಿಲ್ಲದ ಮಗಳೆಂದು ಆ ಹುಡುಗಿಯನ್ನು ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಒತ್ತಾಯಿಸದೆ ಅವಳು ಎಂದೂ ಏಳಗೊಟ್ಟವಳಲ್ಲ. ಅಂದು ಒಮ್ಮೆ ಬಡಿಸಿ, ಬಕೆಟ್ಟನ್ನೆತ್ತಿಕೊಂಡು ಮಕ್ಕಳ ಸಾಲಿನ ಕಡೆಗೆ ನಡೆದಳು.