ಚೊಗರು ಕುಡಿದ ಮೋಟರು

ಮೊನ್ನೆ ಶಿರಸಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿಯೊಂದರ ಅಡಿಕೆ ಚೀಲದಿಂದ ಚೊಗರಿನ ವಾಸನೆ ಬಂತು. ಅಡಿಕೆ ಬೇಯಿಸಿದ ನೀರು ಬತ್ತಿ ಅಂಟಾದಾಗ ಬರುತ್ತದಲ್ಲ, ಅದೇ ಒಗರು. ಜೊತೆಗೆ ಪೆಟ್ರೋಲಿನ ವಾಸನೆಯೂ ಬಂದ ಹಾಗಾಯಿತು... ಪೆಟ್ರೋಲು ಎಲ್ಲಿಂದ ಬರಬೇಕು! ಆಚೆಮನೆ ಭಾವ ನೆನಪಾಗಿದ್ದ, ಅಷ್ಟೆ.

ಯಲ್ಲಾಪುರ ಕಡೆಯ ನಮ್ಮೂರನ್ನು ಡ್ಯಾಮಿನ ಹಿನ್ನೀರು ಸುತ್ತುಗಟ್ಟಿತ್ತು. ಬೆನ್ನಿಗೆ ಏರಲಾಗದ ಗುಡ್ಡ. ಹೊರಗೆ ಹೋಗಲು ಭಾವನ ದೋಣಿಯೊಂದೇ, ಅದಕ್ಕೆ ಕಾರವಾರದ ಮೀನುಗಾರರಿಂದ ತಂದ ಮುದಿ ಮೋಟರು. ನನಗೆ ಟೀಚರ್ ಕೆಲಸದ ಆರ್ಡರ್ ಬಂದಾಗಲೇ ಅದು ಕೆಟ್ಟು ಕೂರಬೇಕೆ? ಹಾಜರಾಗುವ ಕಡೆಯ ದಿನದ ಹಿಂದಿನ ಸಂಜೆ ಅಂತೂ ರಿಪೇರಿ ಮುಗಿಯಿತು. ಅಂಗಳದಲ್ಲಿದ್ದ ಅಡಿಕೆ ಬೇಯಿಸುವ ಹಂಡೆಗೆ ನೀರು ಹೊಯ್ದು, ಮೋಟರಿನ ನೀರೊಳಗಿರುವ ಉದ್ದ ಕಾಲನ್ನು ಅದರಲ್ಲಿಳಿಸಿ ಓಡಿಸಿ ನೋಡಿದ ಭಾವ, "ಮೋಟರು ಕುದುರೆ ಆಜು ಕೂಸೆ!" ಎಂದು ಕುಣಿದ.

ಆ ಕುದುರೆ ಮರುದಿನ ನಡುನೀರಲ್ಲಿ ಹೊಗೆ ಕಾರಿತು. ಭಾವ ಬಂದ್ ಮಾಡಿ, ಮುಳುಗಿದ ಮತ್ತಿಮರದ ತುದಿಗೆ ದೋಣಿ ಕಟ್ಟಿದ. ಹುಟ್ಟು ಹಾಕೋಣವೆಂದರೆ ಎದುರುಗಾಳಿ. ನಮ್ಮ ಕೆಳಗೆ, ನೀರಡಿಯಲ್ಲಿ, ಊರಿನ ಹಳೇ ಬಸ್ ಸ್ಟಾಪು! ಈ ಕೆಲಸ ಹೋದರೆ ಇದೇ ನೀರು ನೋಡುತ್ತ ಮುದುಕಿಯಾಗುತ್ತೇನೆ ಎಂದು ಅಳು ಬಂತು. ಭಾವನನ್ನು ನೀರಿಗೆ ದೂಡುವಷ್ಟು ಸಿಟ್ಟೂ ಬಂತು.

"ಎಂತ ಆತು ಭಾವ?"

"ಇಂಜಿನ್ ತಣಿಸೋ ನೀರು ಹೊರಗೆ ಬತ್ತಾ ಇಲ್ಲೆ. ತಡಿ, ಬಿಸಿ ಆರಲಿ."

ಆರುವ ತನಕ ಮೋಟರು ಮಾರಿದವರನ್ನೂ ಪಾರ್ಟು ಕೊಟ್ಟವರನ್ನೂ ಬೈದ. ಆಮೇಲೆ ಪೈಪು ಬಿಚ್ಚಿ, ಬೆರಳಿಗಂಟಿದ್ದನ್ನು ನಾಲಿಗೆಗೆ ಹಚ್ಚಿ ನೋಡಿ ಮುಖ ಸಪ್ಪೆ ಮಾಡಿದ. ಚೊಗರು! ಹಂಡೆಯ ತಳದಲ್ಲಿ ಉಳಿದಿದ್ದನ್ನೇ ಮೋಟರು ಹೀರಿತ್ತು. ರಾತ್ರಿ ಅದು ಅರಗಿನಂತೆ ಒಣಗಿ ನೀರಿನ ದಾರಿ ಕಟ್ಟಿತ್ತು.

"ಚೊಗರಲ್ಲಿ ಮೋಟರು ಮೀಯಿಸಿದವ ಲೋಕದಲ್ಲಿ ಆನೊಬ್ನೇ" ಎಂದ. ಆ ಸಿಟ್ಟಿನಲ್ಲೂ ನನಗೆ ನಗು ಬಂತು. ನನ್ನ ತಲೆಯ ಪಿನ್ನಿನಿಂದ ಕೆರೆದು, ನನ್ನ ಫ್ಲಾಸ್ಕಿನ ಬಿಸಿ ಕಷಾಯವನ್ನೆಲ್ಲ ಅದಕ್ಕೇ ಕುಡಿಸಿದ. ಹಾಗೇ, "ಈ ಮೋಟರಿನ ಕೆಲಸ ಊರಲ್ಲಿ ಇನ್ನೊಬ್ಬಂಗೆ ಬರಕಾಗಿತ್ತು. ಯಾರೂ ಕಲೀತ್ವಿಲ್ಲೆ" ಎಂದ.

"ಎಂಗೆ ಬಸ್ಸು ಸಿಕ್ಕಿದ್ರೆ ಸಾಕು, ಬೇಗ ಮಾಡು!" ಎಂದೆ ನಾನು.

ಮೋಟರು ಚಾಲೂ ಮಾಡುವ ಹಗ್ಗ ಜಗ್ಗಿದ. ಅದು ಎಲೆಯಡಿಕೆಯ ಕವಳ ಉಗುಳಿದಂತೆ ಪಿಚಕ್ಕನೆ ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು. ಸಂಜೆಯೊಳಗೆ ನಾನು ಕೆಲಸಕ್ಕೆ ಹಾಜರಾಗಿದ್ದೆ.

ಆಮೇಲೆ ಎಷ್ಟು ಬಸುರಿಯರನ್ನು, ಎಷ್ಟು ಜ್ವರದವರನ್ನು ದಾಟಿಸಿದನೋ... ಒಂದು ಬೆಳಿಗ್ಗೆ ಅವನಿಗೇ ಎದೆನೋವು ಬಂತಂತೆ. ಜನ ಎತ್ತಿ ದೋಣಿಯಲ್ಲಿ ಮಲಗಿಸಿದರು. ಮೋಟರು ಸರಿಯಾಗಿಯೇ ಇತ್ತು, ಚಾಲೂ ಮಾಡಲು ಯಾರಿಗೂ ಬರುತ್ತಿರಲಿಲ್ಲ. ಹುಟ್ಟು ಹಾಕಿಕೊಂಡೇ ಹೊರಟರು. ಆ ಮತ್ತಿಮರದ ಹತ್ತಿರ ಬರುವಷ್ಟರಲ್ಲಿ...

"ಎಂತ ಬೇಕಾಗಿತ್ತು ಟೀಚರ್?" ಎಂದ ಅಂಗಡಿಯವ. ಅವನ ಚೀಲದ ಮೇಲೆ ಬಗ್ಗಿ ನಿಂತಿದ್ದೆ, ಕಣ್ಣು ತುಂಬಿತ್ತು. ಏನಿಲ್ಲ ಎಂದೆ. ಬಸ್ಸು ಬಂತು. ಹತ್ತಿದೆ.